ಸೂಳೆಕೆರೆ ಅಂತ ಬಾಯ್ತುಂಬ ಹೇಳೋಕೆ ನಂಗೆ ಮೂವತ್ತು ವರ್ಷ ಬೇಕಾಯ್ತು

ಹೋದ ತಿಂಗಳು ಚನ್ನಗಿರಿ ಬಸ್‌ಸ್ಟ್ಯಾಂಡಲ್ಲಿ ದಾವಣಗೆರೆ ಕಡೆ ಹೋಗೋ ಬಸ್ ಹತ್ತಿ ಕೂತಿದ್ದೆ. ಮುಂದಿನ ಸೀಟಲ್ಲಿ ಒಂದು ವಯಸ್ಸಾದ ಅಜ್ಜಿ, ಕೈಲಿ ಬಟ್ಟೆ ಚೀಲ, ಅದರಿಂದ ಬೇವಿನಕಡ್ಡಿ ಇಣುಕ್ತಿತ್ತು. ಕಂಡಕ್ಟರ್ ಬಂದ ತಕ್ಷಣ ಇಡೀ ಬಸ್ಸಿಗೆ ಕೇಳೋ ಹಾಗೆ 'ಸೂಳೇಕೆರೆಗೆ ಒಂದು ಕೊಡಪ್ಪಾ' ಅಂತು. ನನ್ನ ಪಕ್ಕ ಕಾಲೇಜಿಗೆ ಹೋಗೋ ಹುಡುಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡಿದ್ಲು, ಅವಳು ಒಂದು ಕಿವಿದು ತೆಗೆದು ಮೆಲ್ಲಗೆ 'ಶಾಂತಿಸಾಗರ' ಅಂದ್ಲು. ಎರಡೂ ಒಂದೇ ಕೆರೆಯ ಹೆಸರು, ಕಂಡಕ್ಟರು ಇಬ್ಬರಿಗೂ ಒಂದೇ ಥರದ ಟಿಕೆಟ್ ಹರಿದು ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿ 'ನಿಮ್ದು ಎಲ್ಲಿಗ್ ಮೇಡಂ' ಅಂದಾಗ ನಾನು ಒಂದು ಸೆಕೆಂಡ್ ತಡವರಿಸಿದೆ ನೋಡಿ, ಆ ಒಂದು ಸೆಕೆಂಡಿನ ಬಗ್ಗೆನೇ ಇಷ್ಟುದ್ದ ಬರೀತಾ ಇರೋದು.

ನನ್ನ ತಾಯಿ ತವರು ಕೆರೆಬಿಳಚಿ ಕಡೆಯ ಒಂದು ಹಳ್ಳಿ. ಬೇಸಿಗೆ ರಜೆ ಪೂರ್ತಿ ಅಲ್ಲೇ. ಕೆರೆ ಅಂದ್ರೆ ನಮಗೆ ಕೆರೆ ಅಷ್ಟೇ, ಅದಕ್ಕೊಂದು ಹೆಸರಿದೆ ಅನ್ನೋದು ಗೊತ್ತಾಗಿದ್ದೇ ಊರಿಗೆ ವಾಪಸ್ ಬಂದು ಶಾಲೆಯಲ್ಲಿ ಟೀಚರ್ 'ರಜೆಯಲ್ಲಿ ಎಲ್ಲಿಗೆ ಹೋಗಿದ್ರಿ' ಅಂತ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದಾಗ. ನಾನು ಎದ್ದು ನಿಂತು ಅಜ್ಜಿ ಹೇಳೋ ಹಾಗೇ ಹೇಳಿದೆ. ಕ್ಲಾಸು ಗೊಳ್ ಅಂತು. ಟೀಚರ್ ನಗಲಿಲ್ಲ, ಆದ್ರೆ ಮುಖ ಕೆಂಪು ಮಾಡ್ಕೊಂಡು 'ಶಾಂತಿಸಾಗರ ಅನ್ಬೇಕು ಪುಟ್ಟಿ, ಹಂಗೆಲ್ಲ ಅನ್ಬಾರ್ದು' ಅಂದ್ರು. ನಾಲ್ಕನೇ ಕ್ಲಾಸು. ಆ ಪದದ ಅರ್ಥ ನಂಗೆ ಅವತ್ತು ಸರಿಯಾಗಿ ಗೊತ್ತಿರ್ಲಿಲ್ಲ, ಬೈಗುಳ ಅಂತ ಮಾತ್ರ ಗೊತ್ತು, ಬೀದಿ ನಲ್ಲಿ ಹತ್ರ ಜಗಳ ಆದಾಗ ಕೇಳಿದ್ದೆ. ಅಷ್ಟು ಚೆಂದದ ನೀರಿಗೆ ಬೈಗುಳನ ಯಾಕೆ ಹೆಸರಿಟ್ರು ಅಂತ ತಲೆ ಕೆಡಿಸ್ಕೊಂಡಿದ್ದು ನೆನಪಿದೆ. ಅವತ್ತಿಂದ ನಾನೂ ಶಾಂತಿಸಾಗರದ ಪಾರ್ಟಿ ಸೇರಿದೆ. ಬೆಂಗಳೂರಿಗೆ ಬಂದು ಪಿಜಿಯಲ್ಲಿ 'ನಿಮ್ಮ ಕಡೆ ಏನು ಫೇಮಸ್ಸು' ಅಂದ್ರೂ ಶಾಂತಿಸಾಗರ, ಗಂಡನ ಮನೆಯವರು ಹೆಣ್ಣು ನೋಡೋಕೆ ಬಂದಾಗ್ಲೂ ಶಾಂತಿಸಾಗರ. ಬೆಂಗಳೂರಿನವರಿಗೆ ಶಾಂತಿಸಾಗರ ಅಂದ್ರೆ ಇಡ್ಲಿ ವಡೆ ಹೋಟ್ಲು ನೆನಪಾಗುತ್ತೆ, ಅದು ಬೇರೆ ಕಥೆ.

ನೋಡದೇ ಇರೋರಿಗೆ ಈ ಕೆರೆ ಎಷ್ಟು ದೊಡ್ಡದು ಅಂತ ಹೇಳೋದು ಕಷ್ಟ. ಲೆಕ್ಕದಲ್ಲಿ ಹೇಳಿದ್ರೆ ನೀರು ಹರಡೋ ಜಾಗ 6,550 ಎಕರೆ, ಅಂದ್ರೆ ಹತ್ತಿರ ಹತ್ತಿರ 27 ಚದರ ಕಿಲೋಮೀಟರು. ಅದಕ್ಕೆ ನೀರು ಹರಿದು ಬರೋ ಪ್ರದೇಶ 81,000 ಎಕರೆಗೂ ಮೇಲೆ. ನಮ್ಮ ಕಡೆ ಯಾರನ್ನೇ ಕೇಳಿ, 'ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ' ಅಂತಾರೆ, ಎದೆ ಉಬ್ಬಿಸ್ಕೊಂಡು. ಒಂದನೇದು ಯಾವುದು ಅಂತ ಕೇಳಿದ್ರೆ ಮಾತು ಬದಲಾಯಿಸ್ತಾರೆ. ಈ ಏಷ್ಯಾ ಲೆಕ್ಕವನ್ನ ಯಾರು ಯಾವಾಗ ಹಾಕಿದ್ರೋ ಆ ಗುಡ್ಡದ ದೇವರು ಸಿದ್ದಪ್ಪನಿಗೇ ಗೊತ್ತು, ಆದ್ರೆ ಮಾರಿಕಣಿವೆಗೆ ಒಡ್ಡು ಕಟ್ಟೋ ತನಕ, ಅಂದ್ರೆ 1907ರಲ್ಲಿ ವಾಣಿವಿಲಾಸ ಸಾಗರದ ಕೆಲಸ ಮುಗಿಯೋವರೆಗೂ, ಹಳೇ ಮೈಸೂರು ಸಂಸ್ಥಾನದ ಅತಿ ದೊಡ್ಡ ಕೆರೆ ನಮ್ಮದೇ ಆಗಿತ್ತು. ಅಷ್ಟು ಹೇಳ್ಕೊಂಡ್ರೆ ಸಾಕಲ್ವಾ, ಏಷ್ಯಾ ಯಾಕೆ ಬೇಕು.

ಇದರ ನಿಜವಾದ ಮಜಾ ಇರೋದು ಏರಿಯಲ್ಲಿ. ಇಷ್ಟು ದೊಡ್ಡ ಕೆರೆ ಅಂದ್ರೆ ಮೈಲಿಗಟ್ಟಲೆ ಏರಿ ಇರುತ್ತೆ ಅಂದ್ಕೊಂಡು ಬರೋರು ಬೆಪ್ಪಾಗ್ತಾರೆ, ಯಾಕಂದ್ರೆ ಏರಿ ಉದ್ದ ಸಾವಿರ ಅಡಿಗೂ ಕಮ್ಮಿ. ಚನ್ನಗಿರಿ ಸೀಮೆ ನೀರೆಲ್ಲ ಹಳ್ಳ ಹಳ್ಳವಾಗಿ ಸೇರ್ಕೊಂಡು ಹರಿದ್ರಾ ಅನ್ನೋ ನದಿಯಾಗಿ, ಎರಡು ಗುಡ್ಡದ ನಡುವಿನ ಕಿರಿದಾದ ಕಣಿವೆಯಲ್ಲಿ ನುಗ್ಗಿ ಆ ಕಡೆ ಹೋಗ್ತಿತ್ತು. ಯಾರೋ ಪುಣ್ಯಾತ್ಮರು ಆ ಬಾಗಿಲಿಗೆ ಬೆಣೆ ಹೊಡೆದ್ರು. ಅಷ್ಟೇ. ಗುಡ್ಡಗಳೇ ಗೋಡೆ, ಮನುಷ್ಯರು ಕಟ್ಟಿದ್ದು ಬಾಗಿಲು ಮಾತ್ರ. ಆದ್ರೆ ಆ ಬಾಗಿಲನ್ನ ಎಷ್ಟು ದಪ್ಪ, ಎಷ್ಟು ಎತ್ತರ ಕಟ್ಟಿದಾರೆ ಅಂದ್ರೆ ಎಂಟು ಒಂಬತ್ತು ನೂರು ವರ್ಷದ ಮಳೆಗಾಲ ತಡ್ಕೊಂಡಿದೆ. ಏರಿಯಲ್ಲಿ ಎರಡು ತೂಬು, ಒಂದು ಸಿದ್ದನ ತೂಬು ಇನ್ನೊಂದು ಬಸವನ ತೂಬು, ಅವುಗಳಿಂದ ಹೊರಡೋ ನಾಲೆಗಳಿಗೂ ಅದೇ ಹೆಸರು, ಸಿದ್ದನಾಲೆ ಬಸವನಾಲೆ. ಕೆರೆ ದಾಟಿದ ಮೇಲೆ ನದಿಗೆ ಹರಿದ್ರಾ ಅಂತ ಕರೆಯೋರು ಪುಸ್ತಕದವರು ಮಾತ್ರ, ಕೆಳಗಿನ ಊರವರಿಗೆಲ್ಲ ಅದು ಸೂಳೆಕೆರೆ ಹಳ್ಳ. ಹಾಗೇ ಹರಿದು ಹರಿಹರದ ಹತ್ರ ತುಂಗಭದ್ರೆ ಸೇರುತ್ತೆ. ಅಂದ್ರೆ ಹೆಸರು ನದಿಯನ್ನೂ ನುಂಗಿ ಹಾಕಿದೆ ನೋಡಿ, ಅರಿಶಿನದ ಹೆಸರಿಟ್ಕೊಂಡಿದ್ದ ಮರ್ಯಾದಸ್ಥ ನದಿ ಅದು.

ಈಗ ಕಥೆಗೆ ಬರ್ತೀನಿ. ನಮ್ಮಜ್ಜಿ ಹೇಳೋ ಕಥೆ. ಅಜ್ಜಿ ಪ್ರತಿ ಸಲ ಹೇಳುವಾಗ್ಲೂ ಏನಾದ್ರೊಂದು ಸೇರಿಸ್ತಿತ್ತು, ಒಂದು ಸಲ ಬಂಗಾರದ ಡಾಬು, ಇನ್ನೊಂದು ಸಲ ಏಳು ಹೆಡೆ ಹಾವು, ಆದ್ರೆ ಎಲುಬು ಮಾತ್ರ ಒಂದೇ. ಈಗ ಕೆರೆ ಇರೋ ಜಾಗದಲ್ಲಿ ಸ್ವರ್ಗಾವತಿ ಅಂತ ಪಟ್ಟಣ ಇತ್ತಂತೆ. ವಿಕ್ರಮರಾಯ ಅಂತ ರಾಜ. ಅವನಿಗೊಬ್ಬಳು ಮಗಳು ಶಾಂತವ್ವ. ಈ ಶಾಂತವ್ವ ಗುಡ್ಡದ ಸಿದ್ದೇಶ್ವರನ ಸಂಗ ಮಾಡಿದ್ಲು. ದೇವರೋ ಸಿದ್ಧಪುರುಷನೋ ಅಂತ ನಾವು ಹುಡುಗರು ಕೇಳಿದ್ರೆ 'ಸಿದ್ದಪ್ಪ ಕಣ್ರಲಾ, ಸುಮ್ಕೆ ಕೇಳ್ರಿ' ಅಂತ ಗದರಿಸ್ತಿತ್ತು. ಊರೆಲ್ಲ ಆಡ್ಕೊಂತು, ಅಪ್ಪ ಸಿಟ್ಟಾದ. ಅವಳು ಆ ಮಾತು ತೊಳ್ಕಣಕ್ಕೆ ಒಂದು ಕೆರೆ ಕಟ್ಟಿಸ್ತೀನಿ ಅಂದ್ಲು. ಕೆರೆಗೆ ಬೇಕಾದ ಜಾಗದಲ್ಲಿ ಸೂಳೆಯರ ಕೇರಿ ಇತ್ತು. ಜಾಗ ಬಿಡ್ರವ್ವ ಅಂತ ಶಾಂತವ್ವ ಹೋಗಿ ಕೇಳಿದ್ಲು. ಅವರು ದುಡ್ಡು ಕೇಳ್ಲಿಲ್ಲ, ಬೇರೆ ಜಾಗ ಕೇಳ್ಲಿಲ್ಲ. 'ಬಿಡ್ತೀವಿ, ಆದ್ರೆ ಕೆರೆಗೆ ನಮ್ಮ ಹೆಸರಿಡ್ಬೇಕು' ಅಂದ್ರು. ಆಯ್ತು ಅಂತ ಮಾತು ಕೊಟ್ಲು. ಕೆರೆ ತುಂಬ್ತು, ಸ್ವರ್ಗಾವತಿ ಮುಳುಗ್ತು.

ಇಷ್ಟು ಹೇಳಿ ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕ್ಕೊಳ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಮಧ್ಯದಲ್ಲಿ ಮನೆ ಪಾಯ ಕಾಣುತ್ತೆ ಅಂತ ನನ್ನ ಮಾವನ ಮಕ್ಕಳು ಪ್ರಮಾಣ ಮಾಡಿ ಹೇಳ್ತಿದ್ರು. ನಾನು ಎಷ್ಟೋ ಸಲ ಕಣ್ಣು ಕಿರಿದು ಮಾಡ್ಕೊಂಡು ನೋಡಿದೀನಿ. ಕಂಡಿದ್ದು ಎಮ್ಮೆ ಬೆನ್ನು.

ದೊಡ್ಡವಳಾದ್ಮೇಲೆ ಬ್ರಿಟಿಷರ ಕಾಲದ ಅಧಿಕಾರಿ ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್, 1897ರದು, ಇಂಟರ್ನೆಟ್ಟಲ್ಲಿ ಸಿಕ್ತು, ಆಫೀಸಲ್ಲಿ ಕೆಲಸ ಇಲ್ಲದಾಗ ನಮ್ಮೂರ ಕಡೆ ಏನು ಬರೆದಿದಾನೆ ಅಂತ ಹುಡುಕ್ತಾ ಕೂತಿದ್ದೆ. ಕೆರೆ ಬಗ್ಗೆ ಬರೆದಿದಾನೆ, ಹನ್ನೊಂದು ಹನ್ನೆರಡನೇ ಶತಮಾನದ್ದು ಅಂತಾನೆ, ಏರಿಯನ್ನ ತುಂಬಾ ಹೊಗಳಿದಾನೆ. ಕಥೆನೂ ಇದೆ, ರಾಜನ ಮಗಳು, ದೇವರ ಸಂಗ, ಪ್ರಾಯಶ್ಚಿತ್ತಕ್ಕೆ ಕೆರೆ, ಎಲ್ಲ ನಮ್ಮಜ್ಜಿ ಹೇಳಿದ ಹಾಗೇ. ಆದ್ರೆ ಕೊನೆಗೆ ಬಂದಾಗ ನಂಗೆ ಕುರ್ಚಿ ಮೇಲೆ ನೆಟ್ಟಗೆ ಕೂರೋ ಹಾಗಾಯ್ತು. ಅವನ ಪುಸ್ತಕದಲ್ಲಿ ಸೂಳೆಯರು ಹೆಸರು ಕೇಳೋದಿಲ್ಲ. ಜಾಗ ಮುಳುಗಿದ ಸಿಟ್ಟಿಗೆ ಈ ಕೆರೆಗೆ ಸೂಳೆಕೆರೆ ಅಂತಲೇ ಹೆಸರು ಬರಲಿ ಅಂತ ಶಾಪ ಹಾಕ್ತಾರೆ.

ಅಲ್ಲಿಗೆ ಅಜ್ಜಿ ಕಥೆಲಿ ಅದು ಮರ್ಯಾದೆ, ಗೆಜೆಟಿಯರ್ ಕಥೆಲಿ ಅದು ಕಳಂಕ. ಘಟನೆ ಒಂದೇ, ಪದ ಒಂದೇ, ಮುಳುಗಿದ ಕೇರಿ ಒಂದೇ. ರೈಸ್ ಸುಳ್ಳು ಬರೆದ ಅಂತ ನಾನು ಹೇಳ್ತಿಲ್ಲ, ಅವನಿಗೆ ಯಾರು ಹೇಳಿದ್ರೋ ಹಾಗೆ ಬರೆದಿರ್ತಾನೆ. ನನ್ನ ಅನುಮಾನ ಇರೋದು ಹೇಳಿದವರ ಮೇಲೆ. ಆ ಕಾಲದಲ್ಲಿ ದೊರೆ ಬಂದು ಕೇಳಿದ್ರೆ ಯಾರು ಮುಂದೆ ಹೋಗಿ ಉತ್ತರ ಕೊಡ್ತಿದ್ರು? ಶಾನುಭೋಗರು, ಗೌಡ್ರು, ಅಮಲ್ದಾರರ ಕಚೇರಿಯವರು. ನಾಟಿ ಮಾಡೋ ಹೆಂಗಸ್ರನ್ನ ಕರೆದು ಯಾರೂ ಕೇಳಿರಲ್ಲ. ಕಳೆ ಕೀಳ್ತಾ ಹೇಳೋ ಕಥೆಲಿ ಆ ಹೆಂಗಸರು ಚೌಕಾಸಿ ಮಾಡಿ ಗೆಲ್ತಾರೆ, ಕಚೇರಿಲಿ ಹೇಳೋ ಕಥೆಲಿ ಶಾಪ ಹಾಕ್ತಾ ಮುಳುಗ್ತಾರೆ. ಇದು ನನ್ನ ಊಹೆ, ಒಪ್ಪದವರು ಒಪ್ಪಬೇಡಿ.

ಇನ್ನೊಂದು ವಿಷ್ಯ. ಈ ಸೂಳೆ ಅನ್ನೋ ಪದ ಹುಟ್ಟಿದಾಗಿಂದ ಬೈಗುಳ ಆಗಿರ್ಲಿಲ್ಲ. ಬಾದಾಮಿ ಹತ್ರ ಮಹಾಕೂಟದಲ್ಲಿ ಎಂಟನೇ ಶತಮಾನದ ಒಂದು ಶಾಸನ ಇದೆ, ಚಾಲುಕ್ಯರ ವಿಜಯಾದಿತ್ಯನ ಕಾಲದ್ದು. ವಿನಾಪೋಟಿ ಅಂತ ಒಬ್ಬಳು, ರಾಜನ ಪ್ರಾಣವಲ್ಲಭೆ, ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿ ಛತ್ರಿ, ಹೊಲ ಎಲ್ಲ ದಾನ ಕೊಟ್ಟಿದ್ದು ಅದರಲ್ಲಿದೆ. ಅವಳ ಅಮ್ಮನ ಹೆಸರು, ಅಜ್ಜಿ ಹೆಸರೂ ಬರೆದಿದಾರೆ. ಅವಳನ್ನ ಅದರಲ್ಲಿ ಸೂಳೆಯರ್ ಅಂತ ಕರೆದಿದಾರೆ, ಗೌರವದ ಬಹುವಚನದಲ್ಲಿ, ನಾವು ಮೇಷ್ಟ್ರು ಬಂದ್ರು ಅಂತೀವಲ್ಲ ಹಾಗೆ. ದೇವಸ್ಥಾನದ ಕಲ್ಲಿನ ಮೇಲೆ ಕೊರೆಸೋಕೆ ಯಾರಿಗೂ ಮುಜುಗರ ಆಗಿರ್ಲಿಲ್ಲ. ಹನ್ನೆರಡನೇ ಶತಮಾನಕ್ಕೆ ಬಂದ್ರೆ ಶರಣೆಯರ ಪೈಕಿ ಸೂಳೆ ಸಂಕವ್ವೆ ಇದಾಳೆ, ಅವಳ ಅಂಕಿತ ನಿರ್ಲಜ್ಜೇಶ್ವರ. ನಾಚಿಕೆ ಇಲ್ಲದ ಈಶ್ವರ! ಎಂಥಾ ಗಟ್ಟಿಗಿತ್ತಿ ಇರಬೇಕು ಅವಳು. ನಮ್ಮ ಕೆರೆ ಕಟ್ಟಿದ್ದೂ ಹೆಚ್ಚುಕಮ್ಮಿ ಅದೇ ಕಾಲ ಅಂತ ರೈಸ್ ಹೇಳ್ತಾನಲ್ಲ, ಹಾಗಾದ್ರೆ ಆ ಕೇರಿಯವರು ತಮ್ಮ ಹೆಸರು ಕೆರೆಗೆ ಇರಲಿ ಅಂತ ಕೇಳಿದ್ದು ಅಂಥಾ ವಿಚಿತ್ರ ಏನಲ್ಲ. ಅವರ ಬಾಯಲ್ಲಿ ಅದು ಬೈಗುಳನೇ ಆಗಿರ್ಲಿಲ್ಲವೇನೋ. ಸಂಕವ್ವೆ ಬಗ್ಗೆ ಶಾಲೆಲಿ ಒಂದು ದಿನ ಯಾರೂ ಹೇಳ್ಲಿಲ್ಲ, ಹೇಳಿದ್ರೆ ಆ ಟೀಚರ್ ಪಾಡು ಏನಾಗ್ತಿತ್ತೋ.

ನಮ್ಮ ಕಡೆ ಕೆರೆ ಕಥೆ ಅಂದ್ರೆ ಹೆಣ್ಣು ಇರಲೇಬೇಕು, ಅದೊಂದು ವಾಡಿಕೆ. ಆದ್ರೆ ಜಾಸ್ತಿ ಕಥೆಲಿ ಅವಳು ಸಾಯ್ತಾಳೆ. ನೀರು ನಿಲ್ಲಲಿಲ್ಲ ಅಂತ ಸೊಸೇನ ಬಲಿ ಕೊಡೋದು, ಏರಿ ಬಿರುಕು ಬಿಡ್ತು ಅಂತ ಗರ್ಭಿಣಿ ಹಾರ ಆಗೋದು, ಆಮೇಲೆ ಅವಳಿಗೊಂದು ಗುಡಿ ಕಟ್ಟಿ ವರ್ಷಕ್ಕೊಂದು ಸಲ ಸೀರೆ ಉಡಿಸೋದು. ಮಾಸೂರಿನ ಮದಗದ ಕೆರೆಲಿ ಕೆಂಚಮ್ಮ ಇದಾಳಲ್ಲ. ಸೂಳೆಕೆರೆಲಿ ಮಾತ್ರ ಯಾವ ಹೆಣ್ಣೂ ಬಲಿಯಾಗಲ್ಲ. ಒಬ್ಬಳು ಕಟ್ಟಿಸ್ತಾಳೆ, ಉಳಿದವರು ಕರಾರು ಹಾಕ್ತಾರೆ. ಇದಕ್ಕೇ ನಂಗೆ ಈ ಕಥೆ ಮೇಲೆ ಇಷ್ಟು ಪ್ರೀತಿ.

ಸುತ್ತಮುತ್ತಲ ಊರುಗಳದ್ದೂ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಕೆರೆ ಒಂದನ್ನೇ ಹೇಳಿದ್ರೆ ಈ ಸೀಮೆ ಗೊತ್ತಾಗಲ್ಲ. ನಾನು ಚಿಕ್ಕವಳಿದ್ದಾಗ ಇವೆಲ್ಲ ಶಿವಮೊಗ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಮಾಡಿದಾಗ ಚನ್ನಗಿರಿ ತಾಲೂಕನ್ನ ಆ ಕಡೆ ಎತ್ತಿ ಹಾಕಿದ್ರು, ನಮ್ಮ ಮಾವ ಇವತ್ತಿಗೂ ಯಾರಾದ್ರೂ ಕೇಳಿದ್ರೆ 'ಶಿವಮೊಗ್ಗ ಕಡೆ' ಅಂತಾನೆ. ಮಲೆನಾಡೂ ಅಲ್ಲ ಬಯಲುಸೀಮೆನೂ ಅಲ್ಲ ಅನ್ನೋ ಜಾಗ, ಭಾಷೆನೂ ಹಾಗೇ, ಎರಡು ಮೈಲಿಗೊಂದು ಥರ.

ಕೆರೆಯಿಂದ ಒಂದು ಕಡೆ ಬಸವಾಪಟ್ಟಣ. ಇಲ್ಲಿ ಪಾಳೆಗಾರರು ಇದ್ರು, ಅವರಲ್ಲಿ ಹೆಸರಾದವನು ಕೆಂಗ ಹನುಮಪ್ಪ ನಾಯಕ. ಬಿಜಾಪುರದವರ ಕೈ ಬಲವಾದ್ಮೇಲೆ ಇವರ ಮನೆತನ ಸಂತೇಬೆನ್ನೂರು, ಅಲ್ಲಿಂದ ತರೀಕೆರೆ ಅಂತ ಹೋಯ್ತು, ತರೀಕೆರೆ ಪಾಳೆಗಾರರು ಅಂದ್ರೆ ಇವರೇ. ಸಂತೇಬೆನ್ನೂರಿನ ಪುಷ್ಕರಿಣಿ ಈಗ ಇನ್‌ಸ್ಟಾಗ್ರಾಂನಲ್ಲಿ ಫೇಮಸ್ಸು, ಮದುವೆಗೆ ಮುಂಚಿನ ಫೋಟೋಶೂಟಿಗೆ ಜನ ದಾವಣಗೆರೆಯಿಂದ ಗೌನ್ ತಗೊಂಡು ಬರ್ತಾರೆ. ನಿಜವಾಗ್ಲೂ ಚೆಂದ, ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ದೊಡ್ಡ ಹೊಂಡ, ನಡುವೆ ನೀರಲ್ಲಿ ವಸಂತಮಂಟಪ, ದಂಡೆ ಮೇಲೆ ಸಣ್ಣ ಸಣ್ಣ ಮಂಟಪಗಳು. ಹೊಂಡ ಕಟ್ಟಿಸಿದ್ದು ಪಾಳೆಗಾರ, ಪಕ್ಕದಲ್ಲಿರೋ ಮುಸಾಫಿರ್‌ಖಾನೆ ಬಿಜಾಪುರದವರ ಕಾಲದ್ದು, ಅಲ್ಲಿದ್ದ ದೇವಸ್ಥಾನ ಕೆಡವಿ ಕಟ್ಟಿದ್ದು ಅಂತ ಊರವರು ಹೇಳ್ತಾರೆ. ಬಿಜಾಪುರದ ರಣದುಲ್ಲಾ ಖಾನ್ 1637ರ ಸುಮಾರಿಗೆ ಈ ಕಡೆ ದಂಡೆತ್ತಿ ಬಂದ, ಆ ದಂಡಿನ ಜೊತೆ ಇದ್ದವನು ಶಹಾಜಿ ಭೋಂಸ್ಲೆ, ಶಿವಾಜಿ ಅಪ್ಪ.

ಆ ಶಹಾಜಿ ಮುಂದೆ ಬೆಂಗಳೂರು ಜಹಗೀರು ಪಡ್ಕೊಂಡು ಅಲ್ಲೇ ವರ್ಷಗಟ್ಟಲೆ ದರ್ಬಾರು ಮಾಡಿ, ಕೊನೆಗೆ ಸತ್ತಿದ್ದು ಎಲ್ಲಿ ಗೊತ್ತಾ, ನಮ್ಮ ಹೊದಿಗೆರೆಲಿ. 1664ರ ಜನವರಿ, ಬೇಟೆಗೆ ಹೋಗಿದ್ದಾಗ ಕುದುರೆ ಮುಗ್ಗರಿಸಿ ಬಿದ್ದು. ಸಮಾಧಿ ಇವತ್ತಿಗೂ ಇದೆ. ನಾನು ಹೋದ ಸಲ ನೋಡೋಕೆ ಹೋದಾಗ ಮಹಾರಾಷ್ಟ್ರ ನಂಬರಿನ ಒಂದು ಟೆಂಪೋ ಟ್ರಾವೆಲರ್ ನಿಂತಿತ್ತು, ಕೇಸರಿ ಪೇಟ ಸುತ್ಕೊಂಡಿದ್ದ ಹುಡುಗರು ಎಲ್ಲ ಸಾಲಾಗಿ ನಿಂತು ಕೈ ಮುಗಿದು ಘೋಷಣೆ ಕೂಗಿ ಸೆಲ್ಫಿ ತಗೊಂಡು ಹೋದ್ರು. ಅವರು ಹೋದ್ಮೇಲೆ ನಾನು, ಒಂದು ಆಡು, ಆ ಕಲ್ಲು. ಅಷ್ಟು ದೂರದಿಂದ ಒಂದು ಕಲ್ಲು ನೋಡೋಕೆ ಬರ್ತಾರಲ್ಲ ಅಂತ ಖುಷಿನೇ ಆಯ್ತು. ಚನ್ನಗಿರಿ ಅನ್ನೋ ಹೆಸರು ಕೆಳದಿ ಚೆನ್ನಮ್ಮಾಜಿದು ಅಂತಾರೆ, ಊರ ಮೇಲಿನ ಗುಡ್ಡದಲ್ಲಿ ಕೋಟೆ ಇದೆ. ಅಂದ್ರೆ ಈ ಇಪ್ಪತ್ತು ಮೂವತ್ತು ಕಿಲೋಮೀಟರ್ ಸುತ್ತಲಲ್ಲಿ ರಾಣಿ ಹೆಸರಿಗೆ ಊರಿದೆ, ಪಾಳೆಗಾರನ ಹೆಸರಿಗೆ ಹೊಂಡ ಇದೆ, ಶಹಾಜಿಗೆ ಸಮಾಧಿ ಇದೆ. ಅವಕ್ಕೆಲ್ಲ ಬೋರ್ಡು ಬರೆಸುವಾಗ ಯಾರ ಕೈನೂ ನಡುಗಿಲ್ಲ.

ಕೆರೆಗೆ ಬಂದಾಗ ನೋಡಿ. ಒಂದು ಬೋರ್ಡಲ್ಲಿ ಶಾಂತಿಸಾಗರ, ಇನ್ನೊಂದರಲ್ಲಿ ಶಾಂತಿಸಾಗರ, ಬ್ರಾಕೆಟ್ಟಲ್ಲಿ ಚಿಕ್ಕದಾಗಿ ಸೂಳೆಕೆರೆ. ಶಾಂತವ್ವನ ಹೆಸರಿಂದ ಬಂದಿದ್ದು ಅಂತಾರೆ. ಅಲ್ರೀ, ಶಾಂತವ್ವನ ಹೆಸರಾದ್ರೆ ಶಾಂತವ್ವನ ಕೆರೆ ಅನ್ನಿ, ಅದನ್ನ ಶಾಂತಿ ಮಾಡಿ, ಕೆರೆನ ಸಾಗರ ಮಾಡಿ, ಕೊನೆಗೆ ಅವಳೂ ಇಲ್ಲ ಇವರೂ ಇಲ್ಲ. ಗೆಸ್ಟ್‌ಹೌಸಿನ ಹೆಸರಿನ ಥರ ಇದೆ. ಮತ್ತೆ ಕೆಲವರು ಹೊಯ್ಸಳರ ಶಾಂತಲೆಯನ್ನೂ ಇದರೊಳಗೆ ಎಳ್ಕೊಂಡು ಬರ್ತಾರೆ, ಶಾಂತವ್ವ ಶಾಂತಲಾದೇವಿ ಆಗಿ, ಶಾಂತಲಾದೇವಿ ನಾಟ್ಯರಾಣಿ ಆಗಿ, ವಾಟ್ಸಾಪಲ್ಲಿ ಬೇಲೂರು ಶಿಲಾಬಾಲಿಕೆ ಫೋಟೋ ಹಾಕಿ 'ನಮ್ಮ ಹೆಮ್ಮೆ' ಅಂತ. ನಾನು ಒಂದೆರಡು ಸಲ ಜಗಳ ಆಡಿ ಫ್ಯಾಮಿಲಿ ಗ್ರೂಪಿಂದ ಮ್ಯೂಟ್ ಆಗಿದೀನಿ.

ಚಿತ್ರದುರ್ಗದವರು ಕುಡಿಯೋದೂ ಇದೇ ನೀರು. ಇಷ್ಟು ದೂರದಿಂದ ಪೈಪಲ್ಲಿ ಹೋಗುತ್ತೆ. ದುರ್ಗದಲ್ಲಿ ನನ್ನ ಚಿಕ್ಕಮ್ಮ ಇದಾರೆ, ಅವರ ಮನೆಲಿ ನಲ್ಲಿ ಬಂದಾಗ 'ಶಾಂತಿಸಾಗರದ ನೀರು ಬಂತು, ಕೊಡ ಹಿಡಿ' ಅಂತಾರೆ. ಚಿಕ್ಕಮ್ಮ ಕೆರೆ ದಂಡೆಲೇ ಹುಟ್ಟಿ ಬೆಳೆದವರು, ಬಾಲ್ಯದಲ್ಲಿ ಏನಂತ ಕರೀತಿದ್ರು ಅಂತ ಕೇಳಿದೆ. 'ಏಯ್ ಸುಮ್ನಿರೇ, ಕುಡಿಯೋ ನೀರು' ಅಂದ್ರು. ಅಂದ್ರೆ ಬೇರೆ ಹೆಸರು ಅಂದ್ರೆ ನೀರು ಮೈಲಿಗೆ ಆಗುತ್ತೆ. ನಂಗೆ ನಗು ಬಂತು, ಆಮೇಲೆ ಅಷ್ಟೇನೂ ನಗು ಬರ್ಲಿಲ್ಲ. ಯಾಕಂದ್ರೆ ನನ್ನ ಮದುವೆ ಕಾರ್ಡಲ್ಲಿ ನಮ್ಮಜ್ಜಿ ಊರಿನ ಅಡ್ರೆಸ್ 'ಶಾಂತಿಸಾಗರ ಹತ್ತಿರ' ಅಂತ ಬರೆಸಿದವಳು ನಾನೇ. ಪ್ರಿಂಟಿಗೆ ಹೋಗೋ ಮುಂಚೆ ಅಪ್ಪ ಸೂಳೆಕೆರೆ ಅಂತ ಬರೆದಿದ್ದನ್ನ ಪೆನ್ನಲ್ಲಿ ಹೊಡೆದುಹಾಕಿ ತಿದ್ದಿದೀನಿ. ಕಾರ್ಡು ತಗೊಂಡು ಹೋಗಿ ಅಜ್ಜಿಗೆ ಓದಿ ಹೇಳಿದಾಗ ಅದು ಕೇಳಿದ್ದು ಒಂದೇ ಮಾತು, 'ಶಾಂತಿಸಾಗರ ಅಂದ್ರೆ ಯಾವೂರೇ ತಂಗಿ?' ತಮಾಷೆ ಮಾಡ್ತೈತೆ ಅಂದ್ಕೊಂಡೆ. ಅಜ್ಜಿಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಎಂಬತ್ತು ವರ್ಷ ಅದೇ ನೀರು ಕುಡಿದು, ಅದೇ ನೀರಲ್ಲಿ ಭತ್ತ ಬೆಳೆದು, ಅದರ ಸರ್ಕಾರಿ ಹೆಸರು ಒಂದು ದಿನಕ್ಕೂ ಕಿವಿಗೆ ಬಿದ್ದಿರ್ಲಿಲ್ಲ. ಹೇಳಿದೆ, ಹಿಂಗಿಂಗೆ, ಹೆಸರು ಚೆನ್ನಾಗಿಲ್ಲ ಅಂತ ಬದಲಾಯಿಸ್ಯಾರೆ ಅಂತ. ಸ್ವಲ್ಪ ಹೊತ್ತು ಸುಮ್ನಿದ್ದು, 'ಜಾಗ ಕೊಟ್ಟೋರ್ಗೆ ಏನಂತ ಹೇಳ್ತಾರಂತೆ?' ಅಂತು. ಅವರೆಲ್ಲ ನಿನ್ನೆ ಮೊನ್ನೆ ಪಕ್ಕದ ಬೀದಿಲಿ ಇದ್ದೋರು ಅನ್ನೋ ಥರ.

ನನ್ನ ಹತ್ರ ಉತ್ತರ ಇರ್ಲಿಲ್ಲ. ಅಜ್ಜಿ ಈಗಿಲ್ಲ. ಕಾರ್ಡು ಇದೆ.

ಕೆರೆ ಹೇಗಿದೆ ಅಂದ್ರೆ, ಹೇಗಿರ್ಬೇಕೋ ಹಾಗಿಲ್ಲ. ಹೂಳು ತುಂಬಿದೆ ಅನ್ನೋದು ನಮ್ಮ ಕಡೆ ಪ್ರತಿ ಎಲೆಕ್ಷನ್ನಿನ ಭಾಷಣ. ಭದ್ರಾ ನಾಲೆ ಬಂದ್ಮೇಲೆ ಈ ಸೀಮೆ ನಕ್ಷೆನೇ ಬದಲಾಯ್ತು, ಲಕ್ಕವಳ್ಳಿ ಡ್ಯಾಮಿನ ನೀರು ಹರಿದು ಕೆರೆಗೂ ಬೀಳುತ್ತೆ, ಮಳೆ ಕಮ್ಮಿಯಾದ ವರ್ಷ ಅದೇ ಜೀವ. ಜೋಳ ರಾಗಿ ಬೆಳೀತಿದ್ದ ಹೊಲಗಳು ಮೊದಲು ಭತ್ತದ ಗದ್ದೆ ಆದ್ವು, ಈಗ ಎಲ್ಲಾ ಅಡಿಕೆ. ಎಲ್ಲಿ ನೋಡಿದ್ರೂ ಅಡಿಕೆ ತೋಟ, ದುಡ್ಡು ಬಂದಿದೆ, ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂದಿದೆ, ನಮ್ಮ ಮಾವನೂ ತೋಟ ಮಾಡಿದಾನೆ, ವರ್ಷಾ ವರ್ಷಾ ಚೇಣಿಗೆ, ಅಂದ್ರೆ ಫಸಲನ್ನ ಗುತ್ತಿಗೆಗೆ, ಕೊಡ್ತಾನೆ, ನಾನು ಬಾಯಿ ಬಿಡೋ ಹಾಗಿಲ್ಲ. ಕೊಯ್ಲಿನ ಟೈಮಲ್ಲಿ ಬಂದ್ರೆ ರಸ್ತೆ ಪಕ್ಕದುದ್ದಕ್ಕೂ ಅಡಿಕೆ ಸಿಪ್ಪೆ ರಾಶಿ, ಬೆಂಕಿ ಹಚ್ಚಿರ್ತಾರೆ, ಹೊಗೆಲಿ ಎದುರಿಗೆ ಬರೋ ಲಾರಿ ಕಾಣಲ್ಲ. ಕೆರೆ ಅಂಗಳ ಅಂಚಲ್ಲಿ ನೀರು ಹಿಂದೆ ಹೋದಷ್ಟೂ ಬೇಲಿ ಮುಂದೆ ಬರುತ್ತೆ. ಅದು ಯಾರದು ಅಂತ ಕೇಳಿದ್ರೆ ಎಲ್ಲರೂ ಗುಡ್ಡ ನೋಡ್ತಾರೆ. ಸ್ವರ್ಗಾವತಿ ಮುಳುಗಿಸಿ ತಗೊಂಡ ಜಾಗ, ಈಗ ಸದ್ದಿಲ್ಲದೆ ಎಕರೆ ಎಕರೆ ವಾಪಸ್ ಹೋಗ್ತಿದೆ, ಕರಾರು ಇಲ್ಲದೆ.

ಆದ್ರೂ ಮಳೆಗಾಲ ಮುಗಿಯೋ ಹೊತ್ತಿಗೆ ಏರಿ ಮೇಲೆ ನಿಂತ್ರೆ ಆಚೆ ದಡ ಕಾಣಲ್ಲ. ಗಾಳಿ ಬೀಸಿದ್ರೆ ಅಲೆ ಬಂದು ಕಲ್ಲಿಗೆ ಬಡಿಯೋ ಸದ್ದಿದೆಯಲ್ಲ, ಅದಕ್ಕೆ ನಾನು ಮಂಗಳೂರಿನ ಸಮುದ್ರ ನೋಡಿದಾಗ ಅಷ್ಟೊಂದು ಆಶ್ಚರ್ಯ ಪಡ್ಲಿಲ್ಲ. ಸಿದ್ದೇಶ್ವರನ ಗುಡಿ ಕಡೆ ಜನ ಬಂದು ಹೋಗ್ತಾ ಇರ್ತಾರೆ. ಸಿದ್ದಪ್ಪನಿಗೆ ಗುಡಿ ಇದೆ, ತೂಬಿದೆ, ನಾಲೆ ಇದೆ, ಅಡ್ಡಪಲ್ಲಕ್ಕಿ ಉತ್ಸವ ಇಲ್ದಿದ್ರೂ ಭಕ್ತರಂತೂ ಇದಾರೆ. ಸಂಗ ಮಾಡಿದ್ದು ಇಬ್ಬರೂ, ಪ್ರಾಯಶ್ಚಿತ್ತ ಮಾತ್ರ ಶಾಂತವ್ವಂದು. ಇದನ್ನ ಒಂದು ಸಲ ಮಾವನ ಹತ್ರ ಅಂದಾಗ 'ನೀನು ಬೆಂಗಳೂರಿಗೆ ಹೋಗಿ ಕೆಟ್ಟೆ' ಅಂದ.

ಸರಿ, ಬಸ್ಸಿನ ವಿಷಯ. ಕಂಡಕ್ಟರ್ ಕೇಳಿದಾಗ ನನ್ನ ಬಾಯಿಗೆ ಅಭ್ಯಾಸಬಲದಿಂದ ಬಂದಿದ್ದು 'ಶಾಂ' ಅಂತಲೇ. ಮುಂದಿನ ಸೀಟಿನ ಅಜ್ಜಿ ಯಾಕೋ ಹಿಂದೆ ತಿರುಗಿ ನೋಡ್ತು, ಸುಮ್ನೆ ನೋಡಿದ್ದು, ನನ್ನ ಮುಖದಲ್ಲಿ ಯಾರದೋ ಮನೆ ಹೋಲಿಕೆ ಹುಡುಕ್ತಾ ಇತ್ತು ಅನ್ಸುತ್ತೆ, ಹಳ್ಳಿ ಅಜ್ಜಿಯರು ಮಾಡ್ತಾರಲ್ಲ. ನಾನು ಗಂಟಲು ಸರಿ ಮಾಡ್ಕೊಂಡು 'ಸೂಳೆಕೆರೆ, ಎರಡು' ಅಂದೆ. ಸ್ವಲ್ಪ ಜೋರಾಗೇ ಬಂತು. ಎರಡು ಯಾಕಂದ್ರೆ ನನ್ನ ಜೊತೆ ನಮ್ಮತ್ತೆ ಇದ್ರು, ಕಿಟಕಿ ಪಕ್ಕ. ಮಲ್ಲೇಶ್ವರದಲ್ಲಿ ಹುಟ್ಟಿ ಮಲ್ಲೇಶ್ವರದಲ್ಲೇ ಮದುವೆಯಾಗಿ ಇರೋರು, ನನ್ನ ಮದುವೆಯಾದಾಗಿಂದ ಒಂಬತ್ತು ವರ್ಷ ನನ್ನ ಬಾಯಲ್ಲಿ ಶಾಂತಿಸಾಗರ ಅಂತ ಕೇಳಿದವರು, ಇದೇ ಮೊದಲ ಸಲ ನಮ್ಮ ಕಡೆ ನೋಡೋಕೆ ಬಂದಿದ್ರು.

ಅತ್ತೆ ನನ್ನ ಮುಖ ನೋಡಿದ್ರು. ಕಾಲೇಜು ಹುಡುಗಿನೂ ಇನ್ನೊಂದು ಕಿವಿಯ ಇಯರ್‌ಫೋನ್ ತೆಗೆದ್ಲು. ಬಸ್ಸು ನಲ್ಲೂರು ದಾಟೋವರೆಗೂ ಅತ್ತೆ ಏನೂ ಮಾತಾಡ್ಲಿಲ್ಲ, ನಾನೂ ಮೊಬೈಲ್ ನೋಡ್ತಾ ಕೂತೆ, ನೋಡೋದಕ್ಕೆ ಅದರಲ್ಲಿ ನೆಟ್‌ವರ್ಕೂ ಇರ್ಲಿಲ್ಲ. ಆಮೇಲೆ ತೋಟಗಳ ಸಂದಿಯಿಂದ ನೀರು ಕಾಣಿಸ್ತು, ಮೊದಲು ಒಂದು ಚೂರು, ಆಮೇಲೆ ಕಿಟಕಿ ತುಂಬ.

'ಅಯ್ಯೋ ಇಷ್ಟು ದೊಡ್ಡದಾ' ಅಂದ್ರು ಅತ್ತೆ. ಸೆರಗು ಸರಿ ಮಾಡ್ಕೊಂಡು ಸ್ವಲ್ಪ ಮುಂದಕ್ಕೆ ಬಾಗಿ, ಎದುರು ಸೀಟಿನ ಅಜ್ಜಿ ಭುಜ ಮುಟ್ಟಿ ಕೇಳಿದ್ರು, 'ಅಲ್ಲಾ ಅಮ್ಮಾ, ಇದಕ್ಕೆ ಯಾಕೆ ಆ ಹೆಸರು ಬಂತು?'

ಅಜ್ಜಿ ಪೂರ್ತಿ ಹಿಂದಕ್ಕೆ ತಿರುಗಿ ಕೂತು, ಬಟ್ಟೆ ಚೀಲನ ತೊಡೆ ಮೇಲೆ ಇಟ್ಕೊಂಡು, 'ಇಲ್ಲಿ ಸ್ವರ್ಗಾವತಿ ಅಂತ ಒಂದು ಪಟ್ಣ ಇತ್ತವ್ವಾ' ಅಂತ ಶುರು ಮಾಡ್ತು.